ನಲವತ್ತನಾಲ್ಕನೇ ಸಾಲು, ಏಳು ಮತ್ತು ಎಂಟು

ಬೀಚ್‌ಫೋರ್ಕ್, ಕೆಂಟಕಿ
ಅಕ್ಟೋಬರ್ 7, ಮಂಗಳವಾರ

ಡೆಲ್,

‘ಪ್ರಿಯ’ ಎಂದು ಬರೆಯಲು ಹೋಗಿ ಕೈ ನಿಂತಿತು. ಬರೆದರೆ ನೀನು ನಗುತ್ತೀಯ, ಬರೆಯದಿದ್ದರೆ ನನಗೇ ಏನೋ ಕೊರತೆ. ಸದ್ಯಕ್ಕೆ ಹೆಸರೊಂದೇ ಇರಲಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’, ‘ಆಯ್ತು’, ‘ಇಡ್ಲಾ’ ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದನ್ನು ಆಡಿದ್ದು ನನಗೆ ನೆನಪಿಲ್ಲ. ಕಾಗದವಾದರೆ ನಡುವೆ ಕತ್ತರಿಸಲು ಬರುವುದಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದು.

ಮೊದಲು ಜಗಳ ಮುಗಿಸುತ್ತೇನೆ. ಮೊನ್ನೆ ಶನಿವಾರ ಏದುಸಿರು ಬಿಡುತ್ತಾ ಕಾಲೇಜು ಮೈದಾನದ ನಲವತ್ತನಾಲ್ಕನೇ ಸಾಲಿಗೆ ಹತ್ತಿ ಬಂದರೆ ಎಂಟನೇ ಸೀಟಿನಲ್ಲಿ ನೀನಲ್ಲ, ಬಿಳಿ ಬೂಟು ಹಾಕಿದ ಯಾವನೋ ಒಬ್ಬ. ಓಹಾಯೋದ ಹಲ್ಲಿನ ಡಾಕ್ಟರಂತೆ. ನೀನು ಮಾರಲು ಇಟ್ಟಿದ್ದ ಟಿಕೆಟನ್ನು ಫೋನಿನಲ್ಲೇ ಕೊಂಡನಂತೆ. ನನಗೆ ಮೈಯೆಲ್ಲ ಉರಿಯಿತು. “ಇದು ನನ್ನ ಗಂಡನ ಸೀಟು, ಏಳಿ” ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು. ಹಿಂದಿನ ಸಾಲಿನ ಹರ್ಶೆಲ್ ಬಿಟ್ಟಾನೆಯೇ? “ಮಾಜಿ ಅಂತ ಸೇರ್ಸು ಲವೋನ್, ನಿನ್ನ ಸುಳ್ಳಿಗೆ ನಮ್ಮ ಹುಡುಗ್ರು ಸೋತುಗೀತಾರು” ಎಂದ. ಸಾಲಿಗೆ ಸಾಲೇ ನಕ್ಕಿತು. ಆ ಡಾಕ್ಟರು ಪಾಪ ಎದ್ದೇ ನಿಂತಿದ್ದ, ನಾನೇ ಕೂರಿಸಿದೆ. ಆಮೇಲೆ ಶುರುವಾಯಿತು ಅವನ ಕಾಟ. “ಈಗ ರೆಫರಿ ಆ ಹಳದಿ ಬಟ್ಟೆ ಯಾಕೆ ಎಸೆದ್ರು ಮೇಡಂ?” “ಚೆಂಡು ನಮ್ಮವ್ರಿಗೆ ಬಂತಾ, ಹೋಯ್ತಾ?” ಮೂರನೇ ಸಲ ಕೇಳಿದಾಗ “ನನ್ನನ್ನೇನು ಕೇಳ್ತೀರಿ, ಎಸೆದವನನ್ನ ಕೇಳಿ” ಎಂದೆ. ಅಲ್ಲಿಗೆ ಸುಮ್ಮನಾದ. ನಮ್ಮವರು ಗೆದ್ದರು. ಎಷ್ಟಕ್ಕೆ ಗೆದ್ದರು ಎನ್ನುವುದು ಮನೆಗೆ ಬರುವಷ್ಟರಲ್ಲಿ ಮರೆತುಹೋಗಿತ್ತು.

ಹತ್ತೊಂಬತ್ತು ವರ್ಷದಲ್ಲಿ ನೀನು ಆ ಸೀಟನ್ನು ಒಂದು ದಿನವೂ ಯಾರಿಗೂ ಕೊಟ್ಟವನಲ್ಲ. ವಿಚ್ಛೇದನದ ದಿನ ನ್ಯಾಯಾಧೀಶರ ಮುಂದೆ ನಿಂತದ್ದು ನೆನಪಿದೆಯಲ್ಲ? ಮನೆ ನಿನಗೆ, ಕಾರು ನನಗೆ, ನಾಯಿ ನಿನಗೆ, ಅಮ್ಮನ ಕಬ್ಬಿಣದ ಬಾಣಲೆಗಳು ನನಗೆ, ಎಲ್ಲ ಅರ್ಧ ಗಂಟೆಯಲ್ಲಿ ಮುಗಿದಿತ್ತು. ಸೀಟಿನ ಮಾತು ಬಂದಾಗ ಇಬ್ಬರೂ ಪಟ್ಟು ಬಿಡಲಿಲ್ಲ. ಎಂಟು ವರ್ಷ ಸರದಿಯಲ್ಲಿ ಕಾದು ಪಡೆದ ಸೀಟುಗಳು, ಫುಟ್‌ಬಾಲಿಗೆ ಎರಡು, ಚಳಿಗಾಲದ ಬ್ಯಾಸ್ಕೆಟ್‌ಬಾಲಿಗೆ ಎರಡು. ಕೊನೆಗೆ ಅವರು ಕನ್ನಡಕ ತೆಗೆದಿಟ್ಟು, “ಎರಡರಲ್ಲೂ ಒಂದೊಂದು ತಗೊಳ್ಳಿ. ಇನ್ನೂ ಕಿತ್ತಾಡಿದ್ರೆ ನಾಲ್ಕೂ ನಾನೇ ಇಟ್ಕೋತೀನಿ, ನಾನೂ ಸರದೀಲಿ ಕಾಯ್ತಿದ್ದೀನಿ” ಎಂದರು. ಆ ಕೋಣೆಯಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಅಂದಿನಿಂದ ವರ್ಷಕ್ಕೆ ಇಪ್ಪತ್ತು ಇಪ್ಪತ್ತೆರಡು ದಿನ ಭುಜಕ್ಕೆ ಭುಜ ತಾಗಿಸಿ ಕೂತಿದ್ದೇವೆ. ವಿಚ್ಛೇದನ ಪಡೆಯದ ಗಂಡಹೆಂಡಿರಲ್ಲಿ ಇಷ್ಟು ಹೊತ್ತು ಒಟ್ಟಿಗೆ ಕೂರುವವರು ಈ ಊರಲ್ಲಿ ಎಷ್ಟು ಜನ ಸಿಕ್ಕಾರು? ನಾವಿಬ್ಬರೂ ಆ ಕಾಲೇಜಿನಲ್ಲಿ ಓದಿದವರಲ್ಲ. ನೀನು ಟೈರಿನ ಕಾರ್ಖಾನೆ, ನಾನು ಶಾಲೆಯ ಅಡುಗೆಮನೆ. ಹಾಗಿದ್ದೂ ತಂಡದ ಹೇಸರಗತ್ತೆಯ ಚಿತ್ರದ ಹಸಿರು ಟೋಪಿ ತಲೆಗೇರಿದ ಕೂಡಲೇ ಆ ಮಕ್ಕಳೆಲ್ಲ ನಮ್ಮ ಮಕ್ಕಳೇ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮಗೆ ಆಟ ಮುಗಿದರೆ ನೀನೊಂದು ಗೇಟು, ನಾನೊಂದು ಗೇಟು.

ಶನಿವಾರಗಳಲ್ಲಿ ನೀನು ಕಿವಿಗೆ ಆ ಪುಟ್ಟ ರೇಡಿಯೋ ಸಿಕ್ಕಿಸಿಕೊಂಡು ಗೊಣಗುತ್ತಿದ್ದೆ. “ಈಗ ಎಡಕ್ಕೆ ಓಡ್ತಾನೆ ನೋಡು.” “ಲೋ ದಡ್ಡ, ಹಿಂದೆ ನೋಡೋ.” ನಿನ್ನ ಫ್ಲಾಸ್ಕಿನ ಕಾಫಿಯಲ್ಲಿ ಕಾಫಿ ಎಷ್ಟಿತ್ತು, ಬರ್ಬನ್ ವಿಸ್ಕಿ ಎಷ್ಟಿತ್ತು ಎಂದು ನಾನು ಕೇಳಲಿಲ್ಲ. ನವೆಂಬರಿನ ಗಾಳಿ ಶುರುವಾದಾಗ ನನ್ನ ಕಡೆ ನೋಡದೆಯೇ ನಿನ್ನ ಕಂಬಳಿಯ ಅರ್ಧವನ್ನು ನನ್ನ ಮೊಣಕಾಲಿನ ಮೇಲೆ ತಳ್ಳುತ್ತಿದ್ದೆ. ಚಳಿಗಾಲ ಬಂದರೆ ಸರದಿ ನನ್ನದು. ಬ್ಯಾಸ್ಕೆಟ್‌ಬಾಲಿನಲ್ಲಿ ನಾನು ಕೂತಿದ್ದೇ ಕಡಿಮೆ. ರೆಫರಿಯ ಏಳು ತಲೆಮಾರನ್ನು ನಾನು ಎತ್ತಿ ಬೈಯುವಾಗ ನೀನು ನನ್ನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸಜ್ಜನನಂತೆ ಕೂತಿರುತ್ತಿದ್ದೆ. ಒಮ್ಮೆ ನಿನಗೆ ನಿದ್ದೆ ಹತ್ತಿತ್ತು, ನಾನು ನೋಡಿದ್ದೇನೆ. ಆರು ವರ್ಷದ ಹಿಂದೆ ಕೊನೆಯ ಸೆಕೆಂಡಿನಲ್ಲಿ ಅರ್ಧ ಅಂಗಳದಿಂದ ಎಸೆದ ಚೆಂಡು ಬಲೆಗೆ ಬಿದ್ದಾಗ ನಾನು ನಿನ್ನನ್ನು ತಬ್ಬಿಕೊಂಡೆ. ಆಮೇಲೆ ಇಬ್ಬರೂ ಐದು ನಿಮಿಷ ಎದುರಿನ ಖಾಲಿ ಅಂಗಳವನ್ನೇ ನೋಡುತ್ತಾ ಕೂತೆವು.

ಹೀಗಿರುವಾಗ ಈ ಸೆಪ್ಟೆಂಬರಿನ ಮೊದಲ ಆಟಕ್ಕೆ ನಿನ್ನ ಸೀಟು ಖಾಲಿ. ಫೋನ್ ಮಾಡಿದರೆ “ಟ್ರಕ್ಕು ಕೆಟ್ಟಿತ್ತು. ಇಡ್ಲಾ” ಎಂದೆ. ಎರಡನೆಯದಕ್ಕೂ ಖಾಲಿ. ಮೂರನೆಯದಕ್ಕೆ ಹಲ್ಲಿನ ಡಾಕ್ಟರು. ನೀನು ಬೇರೆ ಯಾರನ್ನೋ ಕಟ್ಟಿಕೊಂಡಿರಬೇಕು, ಅವಳಿಗೆ ನನ್ನ ಪಕ್ಕ ನೀನು ಕೂರುವುದು ಸರಿಬರುತ್ತಿಲ್ಲ ಎಂದೇ ನಾನು ಅಂದುಕೊಂಡೆ. ನಗಬೇಡ. ಶನಿವಾರ ರಾತ್ರಿ ನನಗೆ ಊಟ ಸೇರಲಿಲ್ಲ.

ಭಾನುವಾರ ಚರ್ಚು ಬಿಟ್ಟ ಮೇಲೆ ನಿನ್ನ ಅಕ್ಕ ಇಮೋಜೀನಳನ್ನು ಅವಳ ಕಾರಿನ ಬಳಿ ಹಿಡಿದೆ. “ನಾನೇನೂ ಹೇಳಲ್ಲ ಲವೋನ್, ಬೈಬಲ್ ಮುಟ್ಟಿ ಆಣೆ ಮಾಡಿದ್ದೀನಿ” ಎಂದಳು. “ನೀನು ಹೇಳಬೇಡ, ನಾನು ಕೇಳ್ತೀನಿ, ತಲೆ ಆಡಿಸು ಸಾಕು” ಎಂದೆ. ಬೇರೆ ಹೆಂಗಸು ಇದ್ದಾಳಾ ಎಂದೆ, ಅಡ್ಡಡ್ಡ ಆಡಿಸಿದಳು. ಊರು ಬಿಡ್ತಾನಾ ಎಂದೆ, ಅದಕ್ಕೂ ಅಡ್ಡಡ್ಡ. ಮೈಗೆ ಹುಷಾರಿಲ್ವಾ ಎಂದು ಕೇಳಿದ್ದೇ ತಡ, ಅಲ್ಲೇ ಅತ್ತುಬಿಟ್ಟಳು. ಆಮೇಲೆ ಆಣೆಯೂ ಇಲ್ಲ, ಬೈಬಲ್ಲೂ ಇಲ್ಲ, ಎಲ್ಲ ಹೇಳಿದಳು. ಅವಳನ್ನು ಬೈಯಬೇಡ.

ಜುಲೈನಲ್ಲೇ ನಿನ್ನ ಹೃದಯ ಸೋತದ್ದು, ಮೆಟ್ಟಿಲು ಹತ್ತಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದು, ಹೇಳಿದರೂ ಕೇಳದೆ ಮೊದಲ ಆಟದ ದಿನ ನೀನು ಬಂದದ್ದು, ಹನ್ನೊಂದನೇ ಸಾಲಿನಲ್ಲಿ ಉಸಿರು ಸಿಕ್ಕದೆ ಮೆಟ್ಟಿಲಿನ ಮೇಲೇ ಕೂತದ್ದು, ಜನ ನಿನ್ನನ್ನು ದಾಟಿಕೊಂಡು ಹೋದದ್ದು, ಕಾವಲಿನವನೊಬ್ಬ ಕೈ ಹಿಡಿದು ಕೆಳಗಿಳಿಸಿದ್ದು, ಎಲ್ಲ ಗೊತ್ತಾಯಿತು. ಅಂದೂ, ಮುಂದಿನ ಆಟದ ದಿನವೂ ನೀನು ಮನೆಗೆ ಹೋಗಲಿಲ್ಲವಂತೆ. ಮೈದಾನದ ಹೊರಗೆ, ಜನ ಗಾಡಿ ನಿಲ್ಲಿಸಿ ಕೋಳಿ ಸುಡುವ ಆ ಗದ್ದಲದ ನಡುವೆ, ಟ್ರಕ್ಕಿನೊಳಗೆ ಕೂತು ರೇಡಿಯೋದಲ್ಲಿ ಆಟ ಕೇಳಿದೆಯಂತೆ. ಖಾಲಿ ಸೀಟು ನೋಡಿ ನಾನು ಹುಡುಕಿಕೊಂಡು ಬಂದೇನೆಂದು ಹೆದರಿ ಮೂರನೆಯ ಆಟದ ಟಿಕೆಟನ್ನು ಮಾರಿದೆ. ನಾನು ಮೇಲೆ ಕೂತು ನಿನಗೆ ಶಾಪ ಹಾಕುತ್ತಿದ್ದೆ, ನೀನು ಕೆಳಗೆ ಒಬ್ಬನೇ ಇದ್ದೆ. ಇದನ್ನು ಬರೆಯುವಾಗ ನನಗೆ ಸಿಟ್ಟಿಲ್ಲ ಡೆಲ್, ಸಂಕಟವಾಗುತ್ತಿದೆ.

ಈಗ ನಾನು ಮಾಡಿರುವುದನ್ನು ಕೇಳು. ನಿನ್ನೆ ಟಿಕೆಟ್ ಕಚೇರಿಗೆ ಹೋಗಿದ್ದೆ. ಹತ್ತಲಾಗದವರಿಗೆಂದು ಮೈದಾನದ ಅಂಚಿನಲ್ಲೇ ಸಮತಟ್ಟಾದ ಜಾಗ ಇದೆಯಲ್ಲ, ಅಲ್ಲಿ ಒಂದು ಜೋಡಿ ಸೀಟು ಉಳಿದಿದೆ. ಒಂದು ನಿನಗೆ, ಪಕ್ಕದ್ದು ಜೊತೆಗೆ ಬರುವವರಿಗೆ. ಆದರೆ ಮೇಲಿನ ಎರಡೂ ಸೀಟುಗಳನ್ನು ಕಾಲೇಜಿಗೆ ವಾಪಸು ಬರೆದುಕೊಡಬೇಕು. ಏಳನೆಯದನ್ನು ನಾನು ಬರೆದುಕೊಟ್ಟು ಬಂದಿದ್ದೇನೆ. ಎಂಟನೆಯದಕ್ಕೆ ನಿನ್ನ ಸಹಿ ಬೇಕು. ಕಾಗದ ಇದರೊಳಗಿದೆ. ಕಚೇರಿಯ ಹುಡುಗಿ ಒಳ್ಳೆಯವಳು, ನನ್ನ ಕೈಯಿಂದ ಪೆನ್ನು ಹಿಂದಕ್ಕೆ ಎಳೆದಳು. “ಅವರನ್ನ ಒಂದು ಮಾತು ಕೇಳಿ ಬರೀರಮ್ಮ. ಬರೋ ಸೋಮವಾರದೊಳಗೆ ಅವರು ಸಹಿ ಹಾಕದಿದ್ರೆ ಆ ಜೋಡಿ ಬೇರೆಯವರಿಗೆ ಹೋಗುತ್ತೆ, ನಿಮ್ಮದು ಹೇಗೂ ಹೋಗಿರುತ್ತೆ” ಎಂದಳು. “ಹಾಕ್ತಾನೆ” ಎಂದು ಪೆನ್ನು ವಾಪಸು ತೆಗೆದುಕೊಂಡು ನನ್ನ ಸಹಿ ಹಾಕಿದೆ. ನೀನು ಹಾಕುತ್ತೀಯೋ ಇಲ್ಲವೋ ನನಗೆ ನಿಜವಾಗಿ ಗೊತ್ತಿಲ್ಲ.

ಗೊತ್ತಿಲ್ಲದಿರಲು ಕಾರಣ ನಿನಗೂ ಗೊತ್ತು, ನನಗೂ ಗೊತ್ತು. ಹತ್ತೊಂಬತ್ತು ವರ್ಷ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾತಾಡಿದ್ದೇವೆ. ನೀನು ಸಹಿ ಹಾಕುವ ಮೊದಲು ನಾನು ಅದನ್ನು ಬಾಯಿಬಿಟ್ಟು ಹೇಳಬೇಕು.

ಅಂದು ನನ್ನ ಅಮ್ಮ ಹಾಸಿಗೆ ಹಿಡಿದು ಐದನೇ ವಾರ. ಆ ಶನಿವಾರದ ಆಟ ಮೂರು ಗಂಟೆ ದಾರಿಯ ಎದುರಾಳಿಗಳ ಊರಲ್ಲಿತ್ತು. ನೀನು ಟ್ರಕ್ಕಿನ ಕೀಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಹೋಗ್ಲಾ, ಬೇಡ್ವಾ, ನೀನು ಹೇಳಿದಂಗೆ” ಎಂದೆ. “ಹೋಗ್ಬಾ. ಅಮ್ಮ ಇವತ್ತು ಚೆನ್ನಾಗೇ ಇದ್ದಾಳೆ. ನೀನು ಮನೇಲಿದ್ರೆ ನನ್ನ ತಲೆ ತಿಂತೀಯ” ಎಂದು ಕಳಿಸಿದವಳು ನಾನು. ನಾಲ್ಕು ಗಂಟೆಗೆ ಅಮ್ಮ ಹೋದಳು. ನೀನು ಮುಖಕ್ಕೆ ಬಳಿದುಕೊಂಡಿದ್ದ ಹಸಿರು ಬಣ್ಣದಲ್ಲೇ ಓಡಿ ಬಂದೆ, ಅಳುವಾಗ ಅದೆಲ್ಲ ಕೊರಳಿಗೆ ಇಳಿದಿತ್ತು. ನನ್ನ ಅಣ್ಣ ರಾಯ್ಸ್ ಎಲ್ಲರೆದುರು, “ಅಮ್ಮ ಸಾಯೋವಾಗ ಈ ಮನುಷ್ಯ ಆಟ ನೋಡೋಕೆ ಹೋಗಿದ್ನಾ?” ಎಂದು ಕೇಳಿದ. ನಾನೇ ಹೋಗೆಂದೆ ಎಂದರೆ ಅಮ್ಮ ಸಾಯುತ್ತಿದ್ದದ್ದು ನನಗೆ ತಿಳಿಯಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಅದು ನನ್ನಿಂದಾಗಲಿಲ್ಲ. “ನನಗೆ ಒಂದು ಮಾತೂ ಹೇಳದೆ ಹೋದ” ಎಂದುಬಿಟ್ಟೆ.

ನೀನು ನನ್ನ ಮುಖ ನೋಡಿದೆ. ಏನೂ ಹೇಳಲಿಲ್ಲ. ಒಮ್ಮೆ ಹೇಳಿದ ಸುಳ್ಳನ್ನು ಮಣ್ಣು ಮಾಡುವ ದಿನ ಮತ್ತೆ ಹೇಳಿದೆ, ವಕೀಲರಿಗೂ ಹೇಳಿದೆ, ಅವರು ಅದನ್ನೇ ಬರೆದು ಕೋರ್ಟಿಗೆ ಕೊಟ್ಟರು. ಅಲ್ಲಿಯೂ ನೀನು ಬಾಯಿ ಬಿಡಲಿಲ್ಲ. ನೀನು ಕೂಗಾಡಿದ್ದರೆ ನಾನು ಆ ಮನೆಯಲ್ಲೇ ಉಳಿಯುತ್ತಿದ್ದೆನೋ ಏನೋ. ನೀನು ಸುಮ್ಮನಿದ್ದೆ, ಬೆಳಿಗ್ಗೆ ನನಗೆ ಕಾಫಿ ಮಾಡಿ ಇಡುತ್ತಿದ್ದೆ. ಅದನ್ನು ಕುಡಿಯುವ ಮುಖ ನನಗಿರಲಿಲ್ಲ. ತಪ್ಪು ಮಾಡಿದವಳೂ ನಾನು, ಮನೆ ಬಿಟ್ಟವಳೂ ನಾನು. ಊರೆಲ್ಲ ನಿನ್ನನ್ನೇ ಬೈಯಿತು.

ಭಾನುವಾರ ಮಧ್ಯಾಹ್ನ ರಾಯ್ಸ್‌ಗೆ ಫೋನ್ ಮಾಡಿ ನಿಜ ಹೇಳಿದೆ. “ಇಷ್ಟು ವರ್ಷ ಆ ಮನುಷ್ಯನ ಕೈ ಕುಲುಕಿಲ್ಲ ನಾನು, ಎದುರಿಗೆ ಬಂದ್ರೆ ರಸ್ತೆ ದಾಟ್ತಿದ್ದೆ. ಏನು ಮಾಡಿಬಿಟ್ಯೇ ಲವೋನ್” ಎಂದ. ನಿನ್ನ ಮನೆಗೆ ಬರುತ್ತಾನಂತೆ. ಬಂದರೆ ಬಾಗಿಲು ತೆಗೆ. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಹೊಟ್ಟೆಗೆ ಹಾಕಿಕೋ.

ನಿನಗೆ ಹುಷಾರಿಲ್ಲವೆಂಬ ಕನಿಕರಕ್ಕೆ ಇದನ್ನೆಲ್ಲ ಮಾಡುತ್ತಿದ್ದೇನೆ ಎಂದು ತಿಳಿದರೆ ನೀನು ಹಟ ಹಿಡಿಯುತ್ತೀಯ, ನನಗೆ ಗೊತ್ತು. ಕನಿಕರ ಅಲ್ಲ. ಹದಿನೆಂಟನೇ ತಾರೀಕು ಊರಿನವರೆಲ್ಲ ಬರುವ ಆಟ. ಅಂದು ನಿನ್ನ ಪಕ್ಕ ಕೂರಬೇಕು, ಅಷ್ಟೇ ನನ್ನ ಆಸೆ. ಸಹಿ ಹಾಕಿದರೆ ನಾನೇ ಕಾರು ತಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ಬರುವಾಗ ಬೀನ್ಸ್ ಸಾರು, ಜೋಳದ ಬ್ರೆಡ್ಡು ಮಾಡಿ ತರುತ್ತೇನೆ. ಹಾಕದಿದ್ದರೆ ಕಾಗದವನ್ನು ಹಾಗೇ ವಾಪಸು ಕಳಿಸು. ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ. ಸಿಟ್ಟು ಮಾಡಿಕೊಳ್ಳುವ ಹಕ್ಕು ಈ ಸಲ ನಿನ್ನದು.

ಸದ್ಯಕ್ಕೆ ಸೀಟಿಲ್ಲದವಳು,
ಲವೋನ್

ಮ.ಬ.: ಮತ್ತೆ ಬರೆದದ್ದು ಎಂದರೆ ಸುಳ್ಳಾಗುತ್ತದೆ, ಮೊದಲಿಂದಲೂ ಇದನ್ನು ಬರೆಯಬೇಕೆಂದೇ ಕೂತಿದ್ದೆ. ನನಗೆ ಫುಟ್‌ಬಾಲ್ ಇಂದಿಗೂ ಅರ್ಥವಾಗಿಲ್ಲ ಡೆಲ್. ಅಷ್ಟು ಜನ ಗಂಡಸರು ಒಬ್ಬರ ಮೇಲೊಬ್ಬರು ಯಾಕೆ ಬೀಳುತ್ತಾರೆ, ಎದ್ದು ಮತ್ತೆ ಯಾಕೆ ಬೀಳುತ್ತಾರೆ, ಒಂದೂ ತಿಳಿಯದು. ನೀನು ಎದ್ದಾಗ ನಾನೂ ಏಳುತ್ತಿದ್ದೆ, ನೀನು ಕೂತಾಗ ನಾನೂ ಕೂರುತ್ತಿದ್ದೆ. ಕೋರ್ಟಿಗೆ ಹೋಗುವ ಹಿಂದಿನ ದಿನ ನನ್ನ ವಕೀಲರು, “ಫುಟ್‌ಬಾಲಿನ ಎರಡೂ ಅವರಿಗೆ ಬಿಡಿ, ಬ್ಯಾಸ್ಕೆಟ್‌ಬಾಲಿನ ಎರಡೂ ನಿಮಗೆ ಕೊಡಿಸ್ತೀನಿ, ಒಬ್ಬರ ಮುಖ ಒಬ್ಬರು ನೋಡೋ ಹಂಗೇ ಇರಲ್ಲ” ಎಂದರು. ಬೇಡ ಎಂದವಳು ನಾನು.