ಗುಟುಕಿನ ಸದ್ದು

ಸ್ಟುಡಿಯೊದ ಮೇಲ್ಮಹಡಿ
ಗುರುವಾರ, ಮಾರ್ಚ್ ೧೨

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ, ಅಥವಾ ಕ್ರೇನ್ ಏಣಿ ಹತ್ತುವಾಗೆಲ್ಲ ಹಾಜರಿ ಹಾಕುತ್ತದೆಯೇ? ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ. ಮನೆಯ ಮೂಲೆಮೂಲೆಯ ಧೂಳೂ ಕಾಣತೊಡಗಿ, ಪೊರಕೆ ನನ್ನ ಕೈಗೆ ಬಂದಿದೆ. ಚಿಕ್ಕಪ್ಪನ ಲಾರಿ ನಿನ್ನ ಬಂದರಿಗೆ ಸರಕು ತರುತ್ತಿರುವುದರಿಂದ ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತೇನೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮುಂಚೆಯೇ ಬಾಯಿ ಹಾಕುತ್ತೀಯ, ಸುಳ್ಳೇ?

ಸಿಹಿ ಸೋಡಾ ಕುಡಿದು ಜನ ಹೇಗೆ ಮೈ ಕೆಡಿಸಿಕೊಳ್ಳುತ್ತಾರೆ ಎಂಬ ಸಾಕ್ಷ್ಯಚಿತ್ರಕ್ಕೆ ಸದ್ದು ಕೂಡಿಸುತ್ತಿದ್ದೇನೆ ಎಂದು ಹೇಳಿದ್ದೆನಲ್ಲ. ಅದರಲ್ಲಿ ನಮ್ಮ ಕೈಚಳಕ ಎಷ್ಟಿದೆ ಗೊತ್ತೇ! ಸಕ್ಕರೆ ಸುರಿಯುವುದನ್ನು ತೀರಾ ಹತ್ತಿರದಿಂದ ತೆಗೆದು, ನಿಧಾನ ಮಾಡಿ, ಪರದೆ ತುಂಬಿಸಿದ್ದೇವೆ. ಸದ್ದು ಮಾತ್ರ ಸಕ್ಕರೆಯದಲ್ಲ, ತಗಡಿನ ಮೇಲೆ ನಾನು ಸುರಿದ ಮರಳಿನದು. ಕಾಯಿಲೆ ಬಿದ್ದವರ ಲೆಕ್ಕ ಪರದೆಯ ಮೇಲೆ ಕೆಂಪು ಅಂಕಿಗಳಲ್ಲಿ ಮೂಡುವಾಗ ಕೇಳುವ ಎದೆಬಡಿತ ನಾನು ದಿಂಬಿಗೆ ಗುದ್ದಿದ್ದು. ಚಿತ್ರದಲ್ಲಿ ಮಾತಾಡುವ ವೈದ್ಯೆ ಬಾಯಿ ತೆರೆದೊಡನೆ ಸಂಗೀತ ನಿಲ್ಲಿಸುತ್ತೇನೆ, ನೋಡುವವರು ತಾವಾಗಿಯೇ ಮುಂದಕ್ಕೆ ಬಾಗುತ್ತಾರೆ.

ಆದರೆ ಬಾಟಲಿ ತೆರೆಯುವಲ್ಲಿ ಎಡವಿದೆ. ಆರು ವರ್ಷ ಜಾಹೀರಾತಿಗೆ ದುಡಿದ ಕೈ ನೋಡು, ಆ 'ಟುಸ್ಸ್' ಅನ್ನು ಅತಿ ಚೆಂದ ಮಾಡಿಬಿಟ್ಟೆ. ಮೊದಲ ಪ್ರದರ್ಶನಕ್ಕೆ ಕರೆದಿದ್ದ ಹನ್ನೆರಡು ಮಂದಿಯಲ್ಲಿ ಏಳು ಮಂದಿ ನೆಟ್ಟಗೆ ಎದುರಿನ ಅಂಗಡಿಗೆ ಹೋಗಿ ಸೋಡಾ ಕುಡಿದರು! ನಿರ್ದೇಶಕಿ ತಲೆ ಮೇಲೆ ಕೈ ಹೊತ್ತು, "ಕುಡೀಬೇಡಿ ಅನ್ನೋಕೆ ಕರೆದು ನೀನೇ ಕುಡಿಸಿ ಕಳಿಸಿದ್ಯಲ್ಲಮ್ಮಾ" ಎಂದರು. ನನಗೆ ನಾಚಿಕೆಯೂ ಆಯಿತು, ನಗು ತಡೆಯಲೂ ಆಗಲಿಲ್ಲ.

ಆಗ ನೀನು ನೆನಪಾದೆ. ಕ್ರೇನ್ ಹತ್ತಿ ಕೂತು, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿಕೊಂಡೇ ಸೋಡಾ ಗಟಗಟ ಕುಡಿದು, ಆಮೇಲೆ "ಕೇಳು ಮಗಳೇ" ಎಂದು ಸಂದೇಶ ಶುರು ಮಾಡುವವನಲ್ಲವೇ ನೀನು? ಮೂರು ವರ್ಷದ ಸಂದೇಶಗಳಲ್ಲಿ ಒಂದನ್ನೂ ಅಳಿಸಿಲ್ಲ. ಅವುಗಳಿಂದ ಗುಟುಕಿನ ಸದ್ದನ್ನಷ್ಟೇ ಕತ್ತರಿಸಿ ಚಿತ್ರಕ್ಕೆ ಕೂರಿಸಿದೆ. ಅದರಲ್ಲಿ ಆಸೆ ಹುಟ್ಟಿಸುವಂಥದ್ದೇನಿಲ್ಲ, ದಣಿದ ಮನುಷ್ಯನೊಬ್ಬ ಕುಡಿಯುತ್ತಿದ್ದಾನೆ, ಅಷ್ಟೇ. ನಿನ್ನೆ ಬೇರೆ ಹನ್ನೆರಡು ಮಂದಿ ನೋಡಿದರು, ಒಬ್ಬರೂ ಅಂಗಡಿಯತ್ತ ತಿರುಗಲಿಲ್ಲ. ನಿರ್ದೇಶಕಿ ಬೆನ್ನು ತಟ್ಟಿದರು. ನಿನ್ನ ಗಂಟಲಿಗೆ ಪಾತ್ರ ಸಿಕ್ಕಿದೆಯೆಂದು ಅಮ್ಮ ಆಗಲೇ ಬೀದಿಗೆಲ್ಲ ಸಾರಿದ್ದಾಳೆ. ನನಗಂತೂ ಹಿಡಿಸಲಾರದಷ್ಟು ಖುಷಿ.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ನನ್ನದೊಂದು ನಮಸ್ಕಾರ, ತಲೆ ಸವರಿದೆಯೆಂದು ತಿಳಿದುಕೊಳ್ಳುತ್ತೇನೆ.

ನಿನ್ನ
ಬಾಯಿಬಡುಕಿ

ತಾ. ಕ.: ಕೆಳಗೆ ಚಿಕ್ಕಪ್ಪ ಹಾರ್ನ್ ಹೊಡೆಯುತ್ತಿದ್ದಾನೆ, ಆದರೂ ಇದನ್ನು ಬರೆಯಲೇಬೇಕು. ಕತ್ತರಿಸಲೆಂದು ನಿನ್ನ ಸಂದೇಶಗಳನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಜೋಡಿಸಿದ್ದೆ. ಕೊನೆಯ ಗುಟುಕಿನಿಂದ "ಕೇಳು ಮಗಳೇ" ಎನ್ನುವವರೆಗೆ ಮೊದಲ ವರ್ಷ ಎರಡು ಸೆಕೆಂಡು. ಹೋದ ವಾರ ಹನ್ನೊಂದು. ಅಷ್ಟೂ ಹೊತ್ತು ಬರೀ ಏದುಸಿರು. ನಾನು ಏನನ್ನೂ ಹಿಗ್ಗಿಸಿಲ್ಲ ಅಪ್ಪಾ, ಅಳೆದದ್ದಷ್ಟೇ. ಇದು ಚಿತ್ರದಲ್ಲಿಲ್ಲ, ಅಮ್ಮನಿಗೂ ಗೊತ್ತಿಲ್ಲ. ನನಗೆ ಭಯವಾಗಿದೆ. ಸೋಮವಾರಕ್ಕೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಲಾರಿ ತಿರುಗಿಸಕೂಡದೆಂದು ಚಿಕ್ಕಪ್ಪನಿಂದ ಆಣೆ ಮಾಡಿಸಿದ್ದೇನೆ. ಓದಿ ಮುಗಿಸಿದೆಯಲ್ಲ, ಈಗ ಹೊರಡು.