ಮಸ್ಕಿಯಲ್ಲಿ ಹೊತ್ತಿದ ಬ್ರೇಕ್ ಲೈಟು

ಲಿಂಗಸುಗೂರು
೬ ಅಕ್ಟೋಬರ್ ೨೦೨೪

ಮುದ್ದಿನ ತಂಗಿ ಭಾಗ್ಯ,

ಅಕ್ಕನ ಆಶೀರ್ವಾದ. ನೀನು ಬಳ್ಳಾರಿ ಮುಟ್ಟಿ ಹದಿನೈದು ದಿನವಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಶಾಲೆಯಲ್ಲಿ ಪರೀಕ್ಷೆ ಇತ್ತು ಎಂದು ನೆಪ ಹೇಳಬಹುದು. ನಿಜವೆಂದರೆ ಮೂರು ಸಲ ಬರೆದು ಹರಿದುಹಾಕಿದೆ. ಫೋನಿನಲ್ಲಾದರೆ ನೀನು ನಗಿಸಿಬಿಡುತ್ತೀ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

ಮೊದಲು ಹೊಗಳಿಬಿಡುತ್ತೇನೆ. ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ರಕ್ತಪರೀಕ್ಷೆ ಮಾಡುವವಳು ಐದು ಜನ ಗಂಡಸರ ಜೊತೆ ಇಪ್ಪತ್ತಾರು ದಿನ ಮೋಟರ್ ಸೈಕಲ್ ಓಡಿಸಿ ಬಂದೆಯಲ್ಲ, ಭಲೇ! ಜೈಸಲ್ಮೇರಿನ ಆಚೆಯ ವಿಡಿಯೋ ಎಷ್ಟು ಸಲ ನೋಡಿದೆನೋ. ಗಾಳಿ ಮರಳನ್ನು ತಂದು ತಂದು ಡಾಂಬರಿನ ಮೇಲೆ ಸುರಿಯುತ್ತಿದೆ, ನೀನು ಎರಡೂ ಕಾಲು ಇಳಿಬಿಟ್ಟು ಮೆಲ್ಲಗೆ ದಾಟುತ್ತಿದ್ದೀ. ಸ್ಪಿತಿಯ ದಾರಿಯನ್ನಂತೂ ಉಸಿರು ಬಿಗಿಹಿಡಿದು ನೋಡಿದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ರಸ್ತೆಯ ಮೇಲೆಯೇ ಹಿಮ ಕರಗಿದ ನೀರಿನ ರಭಸ. ನಿನ್ನ ಹಿಂದಿನವನು ಅಂಜಿ ನಿಂತ. ನೀನು ನಿನ್ನ ಗಾಡಿ ದಾಟಿಸಿ, ಮತ್ತೆ ಆ ನೀರಿನಲ್ಲೇ ನಡೆದು ಬಂದು ಅವನದನ್ನೂ ದಾಟಿಸಿದೆ. ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿದರೆ, "ಟೀಚರ್, ಇವ್ರು ಯಾರ್ರೀ?" ಎಂದವು. "ನನ್ನ ತಂಗಿ" ಎಂದೆ. ನಮ್ಮ ಮನೆಯವರ ಸ್ಕೂಟರಿನ ಹಿಂದೆ ಕಂಬಿ ಹಿಡಿದು ಕೂಡುವ ನನಗೆ ಅಂದು ಎಂಥ ಜಂಬ ಬಂದಿತ್ತು ನೋಡಬೇಕಿತ್ತು.

ನಿನ್ನ ರೊಟ್ಟಿಯ ಪುರಾಣ ಕೇಳಿ ಎಲ್ಲರೂ ನಕ್ಕೆವು. ಬಸ್ಸಿನಲ್ಲಿ ಒಯ್ಯುವ ಹಾಗೆ ಐವತ್ತು ಖಡಕ್ ರೊಟ್ಟಿಯನ್ನು ಹಳೆಯ ಸೀರೆಯಲ್ಲಿ ಬಿಗಿದು ಕಳಿಸಿದ್ದೆವು. ಗಾಡಿಯ ಪಕ್ಕದ ಚೀಲದಲ್ಲಿ ಕುಣಿದು ಕುಣಿದು ಜೈಸಲ್ಮೇರಿನ ಹೊತ್ತಿಗೆ ಎಲ್ಲವೂ ನುಚ್ಚಾಗುತ್ತವೆಂದು ಯಾರಿಗೆ ಗೊತ್ತಿತ್ತು? ಆ ನುಚ್ಚಿಗೇ ಮೊಸರು, ಶೇಂಗಾ ಚಟ್ನಿಪುಡಿ ಕಲಸಿ ಆರೂ ಜನ ಬೆರಳು ನೆಕ್ಕಿದಿರಂತೆ. "ಅಕ್ಕಾ, ನಿನ್ನ ಕೈಗೆ ಬಂಗಾರದ ಬಳಿ ಹಾಕ್ಬೇಕು ನೋಡು" ಎಂದೆ. ಆ ಕೈ ನನ್ನದಲ್ಲ ಭಾಗ್ಯ. ಮಸ್ಕಿಯ ತನ್ನ ರೊಟ್ಟಿ ಅಂಗಡಿಯಲ್ಲಿ ಅವ್ವ ಬಡಿದ ರೊಟ್ಟಿ ಅವು. "ನಾ ಕೊಟ್ಟೀನಿ ಅನಬ್ಯಾಡ, ಆಕಿ ತಿನ್ನಂಗಿಲ್ಲ" ಎಂದಿದ್ದಳು.

ಹತ್ತೊಂಬತ್ತು ವರ್ಷವಾಯಿತು, ನೀನು ಅವ್ವನ ಜೊತೆ ಮಾತು ಬಿಟ್ಟು. ನಿನ್ನ ಸಿಟ್ಟು ಸಣ್ಣದೆಂದು ನಾನು ಅನ್ನುವುದಿಲ್ಲ. ನಸುಕಿನಲ್ಲಿ ಅವ್ವ ಕದ್ದು ಕೀಲಿಕೈ ಕೊಡುತ್ತಿದ್ದಳು. ನೀನು ಅಪ್ಪನ ಗಾಡಿಯನ್ನು ಓಣಿಯುದ್ದಕ್ಕೂ ಸದ್ದಿಲ್ಲದೆ ತಳ್ಳಿಕೊಂಡು ಹೋಗಿ, ಸಂತೆಕಲ್ಲೂರಿನ ದಾರಿಯಲ್ಲಿ ಓಡಿಸಿ, ಅಪ್ಪ ಏಳುವುದರೊಳಗೆ ತಂದು ನಿಲ್ಲಿಸುತ್ತಿದ್ದೆ. ವಿಷಯ ಗೊತ್ತಿದ್ದವಳು ಅವ್ವ ಒಬ್ಬಳೇ. ಒಂದು ದಿನ ಅಪ್ಪನಿಗೆ ತಿಳಿಯಿತು. ಗಾಡಿಯನ್ನು ತುರ್ವಿಹಾಳದವರಿಗೆ ಮಾರಿದ, ನಿನ್ನ ಕಾಲೇಜು ಬಿಡಿಸಿದ. ಅವ್ವನೇ ಬಾಯಿಬಿಟ್ಟಳೆಂದು ನೀನು ಬಳ್ಳಾರಿಯ ಸೋದರತ್ತೆಯ ಮನೆ ಸೇರಿದೆ. ಅಪ್ಪನ ಮಣ್ಣಿಗೆ ಬಂದಾಗಲೂ ಅವ್ವನ ಮುಖ ನೋಡಲಿಲ್ಲ.

ಅವ್ವನಾದರೋ ನಿನ್ನ ಒಂದೊಂದು ವಿಡಿಯೋವನ್ನೂ ರೊಟ್ಟಿ ಬಡಿಯುವ ಪಂಪಮ್ಮ, ಹುಸೇನ್‌ಬೀಗೆ ತೋರಿಸಿ ಅವರ ಕೆಲಸ ಕೆಡಿಸಿದ್ದಾಳೆ. "ತಿರುವಿನ್ಯಾಗ ಹೆಂಗ ವಾಲಸ್ತಾಳ ನೋಡ್ರೇ, ಥೇಟ್ ಅವರಪ್ಪನಂಗ!" ಎನ್ನುತ್ತಾಳಂತೆ. ಮರಳುಗಾಡು ನೋಡಿ ಹುಸೇನ್‌ಬೀ, "ಯವ್ವಾ, ಇಲ್ಲಿ ಜ್ವಾಳ ಬೆಳ್ಯಾಂಗಿಲ್ಲ, ಜನ ಏನ ತಿಂತಾರ?" ಎಂದರೆ, "ನನ್ನ ಮಗಳು ಒಯ್ದಾಳಲ್ಲ" ಎಂದಳಂತೆ.

ಮರಳಿ ಬರುವಾಗ ನೀನು ನನ್ನ ಮನೆಯಲ್ಲಿ ಚಹಾ ಕುಡಿದು ಸಿಂಧನೂರಿನ ದಾರಿ ಹಿಡಿದೆ. ಆ ದಾರಿ ಅವ್ವನ ಅಂಗಡಿಯ ಮುಂದೆಯೇ ಹೋಗುತ್ತದೆ. ನೀನು ಹೊರಟ ಕೂಡಲೇ ಅವಳಿಗೆ ಫೋನ್ ಮಾಡಿದ್ದೆ. ಹಂಚಿನ ಮೇಲಿನ ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ರಸ್ತೆಯಂಚಿನಲ್ಲಿ ನಿಂತಿದ್ದಳು. ನೀನು ನಿಲ್ಲಲಿಲ್ಲ. ಸಂಜೆ ಫೋನಿನಲ್ಲಿ ನಾನು ಅತ್ತರೆ ಅವಳೇ ನನಗೆ ಸಮಾಧಾನ ಹೇಳಿದಳು: "ಅಳ್ತಿ ಯಾಕ? ಅಂಗಡಿ ಮುಂದ ಬಂದಾಗ ಗಾಡಿ ಹಿಂದಿನ ಕೆಂಪು ದೀಪ ಹತ್ತಿತ್ತು. ಬ್ರೇಕ್ ಹಿಡದಾಳ. ನನಗ ಅಷ್ಟ ಸಾಕು." ಅಂದಿನಿಂದ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಾಳೆ.

ದೀಪಾವಳಿಗೆ ಬಾ ಭಾಗ್ಯ. ಗಾಡಿಯ ಮೇಲೆಯೇ ಬಾ. ಅಷ್ಟು ಎತ್ತರದ ಗುಡ್ಡ ಹತ್ತಿ ಇಳಿದವಳಿಗೆ ಒಂದು ಹೊಸ್ತಿಲು ಯಾವ ದೊಡ್ಡದು? ನಿನ್ನ ಗಾಡಿಯ ಚಕ್ರಕ್ಕೆ ಮುಳ್ಳು ತಾಗದಿರಲಿ, ನೀನು ನೂರು ವರ್ಷ ಬಾಳು.

ನಿನ್ನ ಅಕ್ಕ,
ಅನುಪಮಾ

ತಾ.ಕ.: ಇದನ್ನೂ ಹರಿದುಹಾಕುವ ಮೊದಲು ಬರೆದುಬಿಡುತ್ತೇನೆ. ಅಪ್ಪನಿಗೆ ಹೇಳಿದವಳು ನಾನು. ನಾನು ಮಲಗಿದ್ದೇನೆಂದು ನೀನು ತಿಳಿದಿದ್ದೆ. ನಾನು ದಿನಾ ಕಿಟಕಿಯಿಂದ ನಿನ್ನನ್ನು ನೋಡುತ್ತಿದ್ದೆ. ಆ ವಾರ ಲಿಂಗಸುಗೂರಿನಿಂದ ನನ್ನನ್ನು ನೋಡಲು ಬರುವವರಿದ್ದರು. ತಂಗಿ ಗಾಡಿ ಓಡಿಸುತ್ತಾಳೆಂದು ತಿಳಿದರೆ ಸಂಬಂಧ ಮುರಿಯುತ್ತದೆಂದು ಅಂಜಿದೆ. ಅಂಜಿಕೆಯಷ್ಟೇ ಅಲ್ಲ, ಹೊಟ್ಟೆಕಿಚ್ಚೂ ಇತ್ತು. ಅವ್ವನಿಗೆ ಅಂದೇ ಗೊತ್ತಾಯಿತು. ನಿನಗೆ ನಿಜ ಹೇಳಲು ಹೊರಟಾಗ ನನ್ನ ಕೈ ಹಿಡಿದು ನಿಲ್ಲಿಸಿದಳು: "ಸುಮ್ಮನಿರು. ಆಕಿ ಸಿಟ್ಟು ನನ್ನ ಮ್ಯಾಲಿರ್ಲಿ. ನಾ ಎಷ್ಟ ದಿನ ಇರ್ತೀನಿ? ನಿಮಗ ಕಡೀತನಕ ಒಬ್ಬರಿಗೊಬ್ಬರು ಬೇಕು." ನಾನು ಸುಮ್ಮನಿದ್ದುಬಿಟ್ಟೆ. ಇನ್ನು ಮೇಲೆ ಈ ದಾರಿಯಲ್ಲಿ ಬಂದರೆ ಮಸ್ಕಿಯಲ್ಲಿ ಇಳಿ. ನನ್ನ ಮನೆಯ ಚಹಾಕ್ಕೆ ನಿಲ್ಲದಿದ್ದರೂ ನಡೆಯುತ್ತದೆ.