ಊರಿಗೆ ಹೋದವರ ಕುಂಡಗಳು

ಲೋ ಚಂದ್ರೂ, ನನ್ನ ಗೆಳೆಯಾ,

ಬೈಯುವುದಕ್ಕೆಂದೇ ಕೂತು ಬರೆಯುತ್ತಿದ್ದೇನೆ. ಸತ್ತವರನ್ನು ಬೈಯಬಾರದಂತೆ! ಯಾರು ಹೇಳಿದ್ದು? ಬದುಕಿದ್ದಾಗ ಬೈಯಲು ಹೋದರೆ ನಗುತ್ತಾ ಚಹಾ ತಂದಿಡುತ್ತಿದ್ದೆ, ಅರ್ಧ ಸಿಟ್ಟು ಅಲ್ಲೇ ಕರಗುತ್ತಿತ್ತು. ಈಗ ಚಹಾ ಕೊಡುವವನಿಲ್ಲ. ಪೂರ್ತಿ ಕೇಳು.

ಹೋದ ವರ್ಷದ ಆ ಜೂನ್ ಶುಕ್ರವಾರ ನೆನಪಿದೆಯೇ? ಈ ಕೊಲ್ಲಿ ನಾಡಿನ ಉರಿಬಿಸಿಲಲ್ಲಿ ನಮ್ಮ ಹವಲ್ಲಿ ಕಟ್ಟಡದ ಲಿಫ್ಟ್ ಕೆಟ್ಟು ನಿಂತಿತ್ತು. ನಾನು ಮೂರನೇ ಮಹಡಿಯಿಂದ ಇಳಿದು ಬರುತ್ತಿದ್ದರೆ ಮೆಟ್ಟಿಲ ಮೇಲೆ ಕ್ರೋಟನ್ ಗಿಡವೊಂದು ತಾನಾಗೇ ಹತ್ತಿ ಬರುತ್ತಿದೆ! ಎಲೆಗಳ ನಡುವೆ ನಿನ್ನ ಮುಖ, ಮುಖದ ತುಂಬ ಬೆವರು. ಎದೆಯೊಳಗೆ ಸ್ಟೆಂಟ್ ಕೂರಿಸಿಕೊಂಡ ಮನುಷ್ಯ, ಭಾರ ಎತ್ತಬೇಡ ಎಂದು ಡಾಕ್ಟರು ಕೈ ಹಿಡಿದು ಹೇಳಿ ಕಳಿಸಿದ ಮನುಷ್ಯ, ಯಾರದೋ ಕುಂಡ ಹೊತ್ತು ನಾಲ್ಕನೇ ಮಹಡಿಗೆ! ಕೆಳಗೆ ಆ ಪ್ರಭಾಕರ, ನಮ್ಮ ಕನ್ನಡ ಸಂಘದ ಖಜಾಂಚಿ, ಕಾರಿನ ಎ.ಸಿ. ಆರಿಸದೆ ಕಿಟಕಿ ಇಳಿಸಿ ಕೂಗುತ್ತಿದ್ದ: "ನಿಧಾನ ಚಂದ್ರು, ಎಲೆ ಮುರಿದೀತು!" ಎಲೆಯಂತೆ. ಎಲೆ! "ಕೊಡೋ ಇಲ್ಲಿ" ಎಂದರೆ ನೀನು ಹೇಳಿದ್ದೇನು? "ಬೇಡ ನಂಜಾ, ನೀನು ಕುತ್ತಿಗೆ ಹಿಡಿದು ಎತ್ತುತ್ತೀಯ." ನಿನ್ನ ಕುತ್ತಿಗೆ ಹಿಡಿದು ಮನೆಯೊಳಗೆ ಕೂರಿಸಬೇಕಿತ್ತು ಆವತ್ತು.

ಪ್ರತಿ ಬೇಸಿಗೆಯಲ್ಲೂ ಇದೇ ನಾಟಕ ತಾನೇ? ಶಾಲೆ ಮುಚ್ಚಿದೊಡನೆ ಸಂಸಾರಗಳೆಲ್ಲ ಊರಿಗೆ ಹಾರುತ್ತವೆ. ಬಾಲ್ಕನಿಯಲ್ಲಿ ಬಿಟ್ಟರೆ ಗಿಡ ಬೆಂದುಹೋಗುತ್ತದೆ, ಎ.ಸಿ. ಆರಿಸಿದ ಮನೆಯೊಳಗಿಟ್ಟರೂ ಬೇಯುತ್ತದೆ. ಆಗ ಎಲ್ಲರಿಗೂ ನೀನು ನೆನಪಾಗುತ್ತೀಯ. ಡಿಸೆಂಬರಿನಲ್ಲಷ್ಟೇ ಊರಿಗೆ ಹೋಗುವ, 'ಬೇಡ' ಎಂಬ ಮಾತೇ ಬಾರದ ಚಂದ್ರು! ನಿನ್ನ ಹಾಲ್‌ನಲ್ಲಿ ಸೋಫಾ ಗೋಡೆಗಂಟಿ, ಡ್ರಸೀನಾ, ಆಂಥೂರಿಯಂ, ಪೀಸ್ ಲಿಲ್ಲಿ, ಮನಿ ಪ್ಲಾಂಟ್‌ಗಳು ನಡುಮನೆಗೆ ಬಂದು ನಿಲ್ಲುತ್ತಿದ್ದವು. ನಿನ್ನ ಮಗಳು ನಿಧಿ ಕಾಲಿಡಲು ಜಾಗವಿಲ್ಲದೆ, "ಅಪ್ಪಾ, ದಿಸ್ ಈಸ್ ಎ ಜಂಗಲ್!" ಎಂದು ಕಿರುಚಿದರೆ ನೀನು, "ಹೌದು ಮಗಳೇ, ಎರಡು ತಿಂಗಳು ವನವಾಸ" ಎನ್ನುತ್ತಿದ್ದೆ. ಆ ಎರಡು ತಿಂಗಳೂ ನಿನಗೆ ದಕ್ಕಲಿಲ್ಲವಲ್ಲೋ...

ಅದಾದ ಮುಂದಿನ ವಾರ ಬೆಳಕು ಹರಿಯುವ ಹೊತ್ತಿಗೆ ನಿನ್ನ ಸುಮಿತ್ರಾ ನನ್ನ ಬಾಗಿಲು ಬಡಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ನೀನಿರಲಿಲ್ಲ. ಕುಂಡ ಹೊತ್ತದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಾನು ಒಪ್ಪಿಲ್ಲ. ಇವತ್ತಿಗೂ ಒಪ್ಪಿಲ್ಲ! ನಿನ್ನನ್ನು ಕರೆದುಕೊಂಡು ಸುಮಿತ್ರಾ, ನಿಧಿ ಮೈಸೂರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ನಾನು ಸಮಾಧಾನದ ಮಾತಿಗೆ ತಡಕಾಡುತ್ತಿದ್ದರೆ ಅವಳು ಮನೆಯ ಕೀಲಿ ನನ್ನ ಕೈಗಿಟ್ಟು, "ಅಣ್ಣಾ, ಬೇರೆಯವರ ಗಿಡ ಇವೆ" ಎಂದಳು. ಅಷ್ಟೇ.

ಮೊದಲ ದಿನ ಬಕೆಟ್ ಹಿಡಿದು ನಿಂತಾಗಲೇ ಅವಳ ಫೋನ್. ಹಿಂದೆ ಪುರೋಹಿತರ ಮಂತ್ರ ಕೇಳಿಸುತ್ತಿದೆ ಕಣೋ! "ಅಣ್ಣಾ, ನಲ್ಲಿ ನೀರು ನೇರ ಹಾಕ್ಬೇಡಿ, ಟ್ಯಾಂಕ್ ನೀರು ಕುದೀತಿರುತ್ತೆ. ರಾತ್ರಿ ಬಕೆಟ್‌ನಲ್ಲಿ ತುಂಬಿಟ್ಟು ಬೆಳಿಗ್ಗೆ ಹಾಕಿ. ಬೆರಳು ಇಳಿಸಿ ನೋಡಿ, ಒಳಗೆ ಒದ್ದೆ ಇದ್ರೆ ಆ ಕುಂಡ ಬಿಟ್ಬಿಡಿ." ಗಂಡನ ಕರ್ಮಾಂತರದ ನಡುವೆ ಎದ್ದು ಬಂದು ಅವರಿವರ ಆಂಥೂರಿಯಂ ವಿಚಾರಿಸಿದ ಹೆಂಗಸು ಅವಳು. ಆಗಸ್ಟಿನಲ್ಲಿ ಕ್ಲಿನಿಕ್ಕಿನ ಕೆಲಸಕ್ಕೆ ವಾಪಸಾದಳು. ಬಂದವಳೇ ಚಪ್ಪಲಿ ಬಿಡುವ ಮೊದಲು ಒಂದೊಂದು ಎಲೆಯನ್ನೂ ತಿರುಗಿಸಿ ನೋಡಿದಳು. ಒಂದು ಗಿಡವೂ ಸತ್ತಿರಲಿಲ್ಲ ಚಂದ್ರು. ಈ ಒರಟು ಕೈಯಲ್ಲಿ, ಒಂದೂ!

ಸೆಪ್ಟೆಂಬರಿನಲ್ಲಿ ಊರಿಂದ ಮರಳಿದವರು ಒಬ್ಬೊಬ್ಬರೇ ಬಂದರು. ಎರಡು ನಿಮಿಷ ಕೂತರು, ನಿನ್ನ ಫೋಟೋಗೆ ಕೈ ಮುಗಿದರು, ಕಣ್ಣು ಮಾತ್ರ ಕುಂಡಗಳ ಕಡೆ. ಪ್ರಭಾಕರನ ಮನೆಯಲ್ಲಿ ಗಣೇಶನ ಹಬ್ಬಕ್ಕೆ ನೆಂಟರಿಷ್ಟರು ಬರುವವರಿದ್ದರು, ಅಬು ಹಲೀಫಾದ ಅವನ ಸಮುದ್ರದ ಕಡೆಯ ಬಾಲ್ಕನಿ ಅವರಿಗಾಗಿ ಸಿಂಗಾರವಾಗಬೇಕಿತ್ತು. ಸುಮಿತ್ರಾ ಬಾಗಿಲಲ್ಲಿ ನಿಂತು ಹೇಳಿದಳು, ನಾನು ಪಕ್ಕದಲ್ಲೇ ಇದ್ದೆ: "ಸಾರ್, ಇಷ್ಟು ದಿನ ಎ.ಸಿ.ಲಿದ್ದವು. ಒಂದು ವಾರ ಒಳಗೇ ಇಡಿ, ಆಮೇಲೆ ಬೆಳಗಿನ ಹೊತ್ತು ಮಾತ್ರ ಹೊರಗೆ. ಇವರು ಹಾಗೇ ಮಾಡ್ತಿದ್ರು."

"ಇರ್ಲಿ ಇರ್ಲಿ, ಇಪ್ಪತ್ತು ವರ್ಷದಿಂದ ಗಿಡ ಸಾಕ್ತಿದ್ದೀವಮ್ಮಾ" ಎಂದ ಮಹಾರಾಯ. ಸಾಕಿದ್ದು ಯಾರು? ಪ್ರತಿ ಬೇಸಿಗೆಯ ಕೊನೆಯಲ್ಲಿ ಅವನ ಮನೆಗೇ ಹೋಗಿ, ಬಾಗಿಲ ಬಳಿಯಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಅವನ ಕ್ರೋಟನ್‌ಗಳನ್ನು ಮೆಲ್ಲಗೆ ಸರಿಸುತ್ತಿದ್ದವನು ಯಾರು?

ಮೂರೇ ದಿನ. ಬಿಸಿಲಿಗೆ ಸಾಲಾಗಿ ನಿಲ್ಲಿಸಿದ ಕ್ರೋಟನ್‌ಗಳೆಲ್ಲ ಬಣ್ಣ ಬಿಟ್ಟು ಸುಟ್ಟ ಹಪ್ಪಳದಂತಾದವು. ಆಗ ಸಂಘದ ವಾಟ್ಸಾಪ್ ಗುಂಪಿಗೆ ಅವನ ದನಿ ಬಂತು. ಸುಮಿತ್ರಾಳೂ ಇರುವ ಗುಂಪು, ನೆನಪಿಡು! "ಚಂದ್ರು ಇದ್ದಾಗ ಹೀಗಾಗ್ತಿರ್ಲಿಲ್ಲ. ಪಾಪ, ಆಯಮ್ಮನ ಪರಿಸ್ಥಿತಿ ಅರ್ಥ ಆಗುತ್ತೆ. ಆದ್ರೂ, ನೀರು ಹಾಕೋಕೆ ಆಗಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತು." ಅದರ ಕೆಳಗೆ ಸಾಲುಸಾಲಾಗಿ ಕೈ ಮುಗಿದ ಚಿತ್ರಗಳು. ಅಯ್ಯೋ ಪಾಪ, ನಮ್ಮದೂ ಒಣಗಿದೆ, ಇರಲಿ ಬಿಡಿ... ಸುಮಿತ್ರಾ ಅಡುಗೆಮನೆಯಲ್ಲಿ ಅದನ್ನು ಒಮ್ಮೆ ಕೇಳಿ, ಫೋನ್ ಮಗುಚಿಟ್ಟು ಸಾರಿಗೆ ಒಗ್ಗರಣೆ ಹಾಕಿದಳು. ಅಳಲಿಲ್ಲ. ನನಗೆ ಮೈ ಉರಿಯಿತು.

ಮುಂದಿನ ಶುಕ್ರವಾರ ಸಂಘದ ನಾಟಕದ ತಾಲೀಮು. ನಮ್ಮಪ್ಪ ಹಳ್ಳಿಯಲ್ಲಿ ನಾಟಕದ ಮೇಷ್ಟ್ರು, ಕಟ್ಟಕಡೆಯ ಸಾಲಿನಲ್ಲಿ ಚಾಪೆ ಹಾಸಿ ಮಲಗಿದವನೂ ಎದ್ದು ಕೂರಬೇಕು ಎಂದು ಹೊಡೆದು ಕಲಿಸಿದ ಗಂಟಲು ನನ್ನದು. ಎಲ್ಲವನ್ನೂ ಹೊರತೆಗೆದೆ. ರಾಜನ ಮಾತು ಅರ್ಧಕ್ಕೆ ಬಿಟ್ಟು ಪ್ರಭಾಕರನ ಮುಂದೆ ನಿಂತೆ. "ಕಣ್ಣಿದ್ದೂ ಕುರುಡರೇ ನೀವು? ಹಬ್ಬದ ಡೌಲಿಗೆ ಗಿಡ ಸುಟ್ಟವರು ನೀವು! ಹದಿಮೂರನೇ ದಿನಕ್ಕೂ ಕಾಯದೆ ನಿಮ್ಮ ಕುಂಡದ ಕ್ಷೇಮ ಕೇಳಿದವಳ ಮೇಲೆ..." ಮುಗಿಸುವಷ್ಟರಲ್ಲಿ ಏನಾಯಿತು ಗೊತ್ತೇ? ಚಪ್ಪಾಳೆ! "ಬೊಂಬಾಟ್ ನಂಜುಂಡಣ್ಣ, ಇದೇ ಖದರು ಸ್ಟೇಜ್ ಮೇಲೂ ಇರ್ಲಿ!" ಪ್ರಭಾಕರನೂ ನಕ್ಕ: "ನಮ್ಮ ನಂಜುಂಡ ಬಂದ್ರೆ ಮೈಕ್ ಬಾಡಿಗೆ ಉಳೀತು ಬಿಡಿ!" ಪರದೆಯ ಹಿಂದೆ ಪ್ರಾಂಪ್ಟ್ ಮಾಡಲು ನೀನೂ ಇರಲಿಲ್ಲ. ಇದ್ದಿದ್ದರೆ ಆ ತಣ್ಣಗಿನ ಪಿಸುದನಿಯಲ್ಲಿ ಇದಕ್ಕೆ ಮುಂದಿನ ಮಾತು ಯಾವುದೆಂದು ಹೇಳಿಕೊಡುತ್ತಿದ್ದೆಯೋ ಏನೋ. ಕಿರೀಟ ಕಿತ್ತು ಮೇಜಿನ ಮೇಲಿಟ್ಟು ಬಂದೆ. ನಾಟಕ ಬೇರೆ ಯಾರೋ ಮಾಡಿದರು. ಹಾಳಾಗಿ ಹೋಗಲಿ!

ಈ ಜೂನ್ ತಿಂಗಳ ಮೊದಲ ಶುಕ್ರವಾರ ಸುಮಿತ್ರಾ ಕರೆದಳು. "ಅಣ್ಣಾ, ಕಾರ್ ತರ್ತೀರಾ? ಗಿಡ ಸಾಗಿಸ್ಬೇಕು." ನಿನ್ನ ವರ್ಷದ ತಿಥಿಗೆ ಅವಳೂ ನಿಧಿಯೂ ಊರಿಗೆ ಹೊರಟಿದ್ದರು. ನಿನ್ನ ಸ್ವಂತ ಕುಂಡಗಳನ್ನೆಲ್ಲ ಹಿಂದಿನ ಸೀಟಿನಲ್ಲಿ ಜೋಡಿಸಿದೆವು. ನನ್ನ ಮನೆಗೆ ಎಂದುಕೊಂಡೆ. "ಅಲ್ಲ, ಅಬು ಹಲೀಫಾಗೆ" ಎಂದಳು.

ಈ ವರ್ಷ ರಜೆ ಸಿಗದೆ ಇಲ್ಲೇ ಉಳಿದಿದ್ದ ಪ್ರಭಾಕರ ಲುಂಗಿಯಲ್ಲೇ ಬಾಗಿಲು ತೆರೆದ. "ಏನಮ್ಮಾ ಸುಮಿತ್ರಾ, ಇದೆಲ್ಲ..."

"ಇವರ ತಿಥಿಗೆ ಹೋಗ್ತಿದ್ದೀವಿ ಸಾರ್. ನೋಡ್ಕೊಳ್ಳಿ. ನಿಮಗೆ ಇಪ್ಪತ್ತು ವರ್ಷದ ಅನುಭವ ಇದೆಯಲ್ಲ."

"ಇಷ್ಟೊಂದು ಎಲ್ಲಿಡೋದಮ್ಮಾ?"

"ಹಾಲ್‌ನಲ್ಲಿ. ನಿಮ್ಮವೂ ನಮ್ಮ ಹಾಲ್‌ನಲ್ಲೇ ಇದ್ವು." ಒಂದು ಗಳಿಗೆ ನಿಂತು ಸೇರಿಸಿದಳು, "ನೀರು ಹಾಕೋಕೆ ಆಗಲ್ಲ ಅನ್ನೋದಾದ್ರೆ ಈಗಲೇ ಒಂದು ಮಾತು ಹೇಳ್ಬಿಡಿ ಸಾರ್."

ದನಿ ಏರಿಸಲಿಲ್ಲ ಕಣೋ! ನನ್ನ ಗಂಟಲಿಗೆ ಚಪ್ಪಾಳೆ ತಟ್ಟಿದವನು ಇವಳ ಆ ಮಾತಿಗೆ ಮುಖ ತಗ್ಗಿಸಿ ಕೈ ಚಾಚಿದ. ನಿಧಿ ಕೊನೆಯ ಕುಂಡ ಅವನ ಕೈಗಿಟ್ಟು, "ಅಂಕಲ್, ಐ ವಿಲ್ ವಿಡಿಯೋ ಕಾಲ್ ಎವ್ರಿ ಡೇ" ಎಂದಳು. ನಿನ್ನ ಮಗಳೇ ಸರಿ.

ನಿನ್ನೆ ಬೆಳಿಗ್ಗೆ ಪ್ರಭಾಕರ ನನಗೆ ಫೋನ್ ಮಾಡಿದ. "ನಂಜುಂಡ, ಚಂದ್ರುವಿನ ಅಡೀನಿಯಂ ಎಲೆ ಹಳದಿ ಆಗ್ತಿದೆ ಮಾರಾಯ, ಬುಡ ಮೆತ್ತಗಾದ ಹಾಗಿದೆ, ಏನ್ ಮಾಡ್ಲಿ?" ಭಯದಿಂದ ನೀರು ಸುರಿದೂ ಸುರಿದೂ ಬೇರು ಕೊಳೆಸಲು ಹೊರಟಿದ್ದಾನೆ. ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. "ಸುಮಿತ್ರಾಗೇ ಮಾಡಿ ಕೇಳಿ" ಎಂದೆ. ಕೇಳಿದನಂತೆ. ಮಣ್ಣಿಂದ ಎತ್ತಿ, ಕೊಳೆತದ್ದು ಕತ್ತರಿಸಿ, ನೆರಳಲ್ಲಿ ಒಣಗಿಸಿ ಮತ್ತೆ ನೆಡಲು ಹೇಳಿದಳಂತೆ. ಗಿಡ ಉಳಿಯಬಹುದು. ಆದರೆ ಗುಂಪಿನಲ್ಲಿ ಆಡಿದ ಮಾತನ್ನು ಅವನು ಗುಂಪಿನಲ್ಲೇ ವಾಪಸ್ ತೆಗೆದುಕೊಳ್ಳುವ ತನಕ ನಾನು ಆ ಸಂಘದ ರಂಗ ಹತ್ತುವುದಿಲ್ಲ. ಇದು ನಿನಗೆ ಕೊಡುವ ಮಾತು.

ಇವತ್ತು ಮೈಸೂರಿನಲ್ಲಿ ನಿನ್ನ ತಿಥಿ. ಮಧ್ಯಾಹ್ನ ಗುಂಪಿನಲ್ಲಿ ಯಾರೋ ಹೆಂಗಸು ಬರೆದಿದ್ದಳು: "ಸುಮಿತ್ರಾ, ಆಗಸ್ಟಲ್ಲಿ ನೀವು ಬಂದಿರ್ತೀರಲ್ಲ, ನಾವು ಹೊರಡ್ತೀವಿ, ನಮ್ಮ ಕುಂಡ ಇಟ್ಕೋತೀರಾ? ಚಂದ್ರು ಅವರಿದ್ದಿದ್ರೆ ಕೇಳೋದೇ ಬೇಕಿರ್ಲಿಲ್ಲ." ನಿನ್ನ ಹೆಂಡತಿಯ ಉತ್ತರ ಬಂತು. ಕ್ಷಮೆಯಿಲ್ಲ, ಕಾರಣವಿಲ್ಲ, ಕೈ ಮುಗಿದ ಚಿತ್ರವೂ ಇಲ್ಲ. ನಿನ್ನ ಮನೆಯ ಬೀಗ ತೆಗೆದು, ಖಾಲಿ ಹಾಲ್‌ನ ನಡುವೆ ನಿಂತು, ನಾಲ್ಕೂ ಮಹಡಿಗೆ ಕೇಳುವಂತೆ ಅದನ್ನು ನಿನಗೆ ಓದಿ ಹೇಳಿದೆ:

"ಆಗಲ್ಲ."

ಬೈಯುತ್ತಲೇ ಇರುವ,
ನಿನ್ನ ನಂಜ